ಬಿರುಗಾಳಿಗೆ ಹೆಸರಿಟ್ಟ ದೋಣಿ

ನಾಲ್ವರು ಮೀನುಗಾರರನ್ನು ಹೊತ್ತು ದಡಕ್ಕೆ ಮರಳುತ್ತಿದ್ದ ಹಾಯಿದೋಣಿಯ ಮೇಲೆ ಬಿರುಗಾಳಿಯೊಂದು ಏಕಾಏಕಿ ಎರಗಿತು.

"ನಾನು ಯಾರು ಗೊತ್ತೇ?" ಎಂದು ಗರ್ಜಿಸಿತು.

"ಕ್ಷಮಿಸು, ನಮ್ಮೂರಲ್ಲಿ ನಿನಗಿನ್ನೂ ಹೆಸರಿಟ್ಟಿಲ್ಲ. ಬೇರೆ ಬಂದರುಗಳಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ?" ಎಂದಿತು ದೋಣಿ.

ಗಾಳಿ ಹಿಗ್ಗಿಹೋಗಿ, ನಿಂತಲ್ಲೇ ಬುಗುರಿಯಂತೆ ಗಿರಗಿರನೆ ಸುತ್ತತೊಡಗಿತು. "ಒಂದು ಕಡೆ ಹಾಯಿಹರುಕ. ಇನ್ನೊಂದು ಕಡೆ ಮುಂಡಾಸುಗಳ್ಳ. ತೆಂಕಣ ನಾವಿಕರಿಗೆ ನಾನು ಹೇಳದೆ ಬರುವ ಅತ್ತೆ. ಬಡಗಣದವರಿಗೆ..."

ಒಂದೊಂದು ಹೆಸರಿಗೂ ಒಂದೊಂದು ಸುತ್ತು ಕುಣಿದು ಅದಕ್ಕೆ ತಲೆ ತಿರುಗಿತು. ಅಷ್ಟರಲ್ಲಿ ನಾಲ್ವರೂ ಹುಟ್ಟು ಹಾಕಿ, ದೋಣಿಯನ್ನು ಅಳಿವೆ ದಾಟಿಸಿ ಸುರಕ್ಷಿತವಾಗಿ ಹೊಳೆಯೊಳಕ್ಕೆ ಸೇರಿಸಿದ್ದರು.

"ಹಾಗಾದರೆ ಇಲ್ಲಿ ನನ್ನ ಹೆಸರೇನು?" ಎಂದು ಗಾಳಿ ಏದುಸಿರು ಬಿಡುತ್ತಾ ಕೇಳಿತು.

"ತಡವಾಗಿ ಬಂದವ," ಎಂದಿತು ದೋಣಿ.