ದ್ವೀಪಕ್ಕೆ ಬೆಂಕಿ ಹೊತ್ತ ಗಾಣಿಗ

"ಗುರುಗಳೇ, ದೂರದ ಊರಿನಲ್ಲಿ ಯಾರ ಹಂಗಿಗೂ ಬೀಳದ ಹಾಗೆ ಬಾಳಬೇಕಾದರೆ ಏನೇನು ಕಟ್ಟಿಕೊಂಡು ಹೋಗಬೇಕು?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಕಡಲಾಚೆಯ ಒಂದು ದ್ವೀಪದ ಮಕ್ಕಳಿಗೆ ಅಕ್ಷರ ಕಲಿಸಲು ಅವನನ್ನು ಮಠದಿಂದ ಕಳಿಸುವುದೆಂದು ತೀರ್ಮಾನವಾಗಿತ್ತು. ಅವನ ಕೋಣೆಯ ತುಂಬ ಗಂಟುಗಳು ಬಿದ್ದಿದ್ದವು. ಪುಸ್ತಕದ ಗಂಟು ಒಂದೇ, ಉಳಿದವೆಲ್ಲ ಹೊಟ್ಟೆ ಬಟ್ಟೆಯವು. ಗುರುಗಳು ಕೂರಲು ಜಾಗ ಹುಡುಕಿ, ಸಿಗದೆ, ಅಕ್ಕಿಯ ಮೂಟೆಯ ಮೇಲೆಯೇ ಕುಳಿತರು.

"ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಹೇಳಬಲ್ಲವನು ಒಬ್ಬ ಗಾಣಿಗ. ಅವನು ಈಗಿಲ್ಲ, ಅವನ ಕತೆಯಿದೆ. ಕೇಳು" ಎಂದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಎಣ್ಣೆಗೆ ಹೆಸರಿತ್ತು, ಬಾಯಿಗೆ ಅದಕ್ಕಿಂತ ದೊಡ್ಡ ಹೆಸರಿತ್ತು. ತನ್ನ ಕೈ ಕೊಟ್ಟದ್ದುಂಟು, ಚಾಚಿದ್ದಿಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ನೆರೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿ ಬಂದರೆ ಲೋಟ ತುಂಬ ಕೊಡಿಸುತ್ತಿದ್ದ. ತನ್ನ ಮನೆಯ ಹಾಲು ಹೆಪ್ಪಿಲ್ಲದೆ ಕೆಟ್ಟರೂ ಸರಿಯೇ, ಹೆಂಡತಿಯನ್ನು ಪಕ್ಕದ ಮನೆಗೆ ಕಳಿಸುತ್ತಿರಲಿಲ್ಲ. ಆಕೆ ಒಡೆದ ಹಾಲನ್ನು ಚೆಲ್ಲುತ್ತಾ ಗೊಣಗಿಕೊಳ್ಳುತ್ತಿದ್ದಳು.

ಒಂದು ವರ್ಷ ಅವನಿಗೆ ನಡುಗಡಲಿನ ದ್ವೀಪವೊಂದರಿಂದ ಕರೆ ಬಂತು. ಹಿಂದೆಂದೋ ನಮ್ಮ ಕರಾವಳಿಯಿಂದ ಹೋದವರೇ ಅಲ್ಲಿ ನೆಲೆಸಿದ್ದರು. ಕಣ್ಣು ಹಾಯಿಸಿದಲ್ಲೆಲ್ಲ ತೆಂಗು, ಆದರೆ ಗಾಣವಿಲ್ಲ. ಕಾಯಿಹಾಲು ಕಾಯಿಸಿ ಕಾಯಿಸಿ ಎಣ್ಣೆ ತೆಗೆಯುವಷ್ಟರಲ್ಲಿ ಹೆಂಗಸರ ಕಣ್ಣು ಹೊಗೆಗೆ ಸೋತುಹೋಗುತ್ತಿತ್ತು. ಗಾಣ ಹೂಡುವವನೊಬ್ಬ ಬಂದು ನಿಂತರೆ ಮನೆ ಕಟ್ಟಿಕೊಡುತ್ತೇವೆ, ಊರಿನ ಕೊಬ್ಬರಿಯೆಲ್ಲ ಅವನಿಗೇ ಎಂದು ದೋಣಿಯವರ ಕೈಯಲ್ಲಿ ಹೇಳಿಕಳಿಸಿದ್ದರು. ಗಾಣಿಗ ಒಪ್ಪಿದ. ಊರಿನ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟ, ಗಾಣವನ್ನೂ ಎತ್ತನ್ನೂ ತಾನು ಇಟ್ಟುಕೊಂಡ. ದ್ವೀಪದಲ್ಲಿ ಬಾಳು ಹತ್ತದಿದ್ದರೆ ಹಿಂದಿರುಗಿ ತಮ್ಮನ ಜಗಲಿಯಲ್ಲಿ ಮಲಗಬೇಕಾಗಿತ್ತು. ಕೈ ಚಾಚದವನಿಗೆ ಅದಕ್ಕಿಂತ ಸಾವು ವಾಸಿ.

ಹಾಗಾಗಿ ಅವನು ಕಟ್ಟತೊಡಗಿದ. ಅಕ್ಕಿ, ರಾಗಿ, ಹುಣಸೆ, ಮೆಣಸಿನಕಾಯಿ ಕಟ್ಟಿದ. ಸುತ್ತಲೂ ಉಪ್ಪುನೀರೇ ಇರುವ ಕಡೆಗೆ ಉಪ್ಪನ್ನೂ ಕಟ್ಟಿದ. ಸೇದುವ ಹಗ್ಗ, ಕೊಡ, ಒನಕೆ, ಮೊರ ಎಲ್ಲವೂ ಗಾಡಿ ಏರಿದವು. ನೋಡಿ ನೋಡಿ ಸಾಕಾದ ಹೆಂಡತಿ, "ಒಲೆಯ ಕಲ್ಲು ಒಂದು ಉಳಿದೈತೆ, ಅದನ್ನೂ ಕಿತ್ತು ಕೊಡ್ಲಾ?" ಎಂದಳು. ಗಾಣಿಗನಿಗೆ ಅದು ತಮಾಷೆ ಎಂದು ಹೊಳೆಯಲಿಲ್ಲ. ಒಳ್ಳೆಯ ಮಾತು ನೆನಪಿಸಿದೆ ಎಂದು ಮೂರು ಕಲ್ಲನ್ನೂ ಕೀಳಿಸಿದ.

ಕೊನೆಗೆ ಒಲೆಯ ಬೆಂಕಿಯನ್ನೂ ತೆಗೆದುಕೊಂಡ. ಆ ಬೆಂಕಿ ಅವನ ಅಜ್ಜನ ಕಾಲದಿಂದ ಆರಿರಲಿಲ್ಲ. ಸಾಯುವಾಗ ತಾಯಿ, ಇದನ್ನು ಆರಲು ಬಿಡಬೇಡ ಮಗನೇ ಎಂದಿದ್ದಳು. ಮಡಕೆಯ ತುಂಬ ಭತ್ತದ ಹೊಟ್ಟು ಒತ್ತಿ, ನಡುವೆ ಕೆಂಡವಿಟ್ಟು, ಮೇಲೆ ಬೂದಿ ಮುಚ್ಚಿದ. ದೋಣಿಯವರು ಬೆಂಕಿಯನ್ನು ಕಂಡು ಗದರಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಡಲು ದಾಟುವವರೆಗೂ ಗಂಡ ಹೆಂಡತಿ ಸರದಿಯ ಮೇಲೆ ಹೊಟ್ಟು ಉಣಿಸುತ್ತಾ, ಕೂಸನ್ನು ಕಾಯುವಂತೆ ಆ ಮಡಕೆಯನ್ನು ಕಾದರು.

ದ್ವೀಪದವರು ಮಾತಿಗೆ ತಪ್ಪಿರಲಿಲ್ಲ. ಸೋಗೆ ಹೊದಿಸಿದ ಮನೆ ಸಿದ್ಧವಾಗಿತ್ತು. ಒಳಗೆ ಸಾರಿಸಿದ ಹೊಸ ಒಲೆ, ಅದರಲ್ಲಿ ಸೌದೆಯನ್ನೂ ಜೋಡಿಸಿಟ್ಟಿದ್ದರು. ಬೆಂಕಿಯೊಂದು ಮಾತ್ರ ಇರಲಿಲ್ಲ. 'ಪಾಪ, ಕೆಂಡಕ್ಕೂ ಗತಿಯಿಲ್ಲದ ಜನ' ಎಂದುಕೊಂಡು ಗಾಣಿಗ ಆ ಒಲೆಯನ್ನು ಬದಿಗೊತ್ತಿ, ತನ್ನ ಮೂರು ಕಲ್ಲು ಹೂಡಿ, ತನ್ನ ಬೆಂಕಿಯಲ್ಲಿ ತನ್ನ ಅಕ್ಕಿಯನ್ನು ಬೇಯಿಸಿ ಉಂಡ. ಏನೂ ಮರೆತಿರಲಿಲ್ಲ. ಆ ಸಂಜೆ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಮರುದಿನವೇ ಗಾಣ ಹೂಡಿದ. ಯಾರೂ ಕೊಬ್ಬರಿ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ಎಲ್ಲರ ಅಂಗಳದಲ್ಲೂ ಕೊಬ್ಬರಿ ಒಣಗುತ್ತಿತ್ತು. ದಾರಿಯಲ್ಲಿ ಸಿಕ್ಕವರು ನಕ್ಕು ಮುಂದೆ ಹೋಗುತ್ತಿದ್ದರು. ಅವನ ಬಾಗಿಲಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ತಾನಾಗಿ ಹೋಗಿ ಏಕೆಂದು ಕೇಳಲು ಅವನ ನಾಲಿಗೆ ಏಳಲಿಲ್ಲ. ಗಾಣದ ಒರಳು ಒಣಗಿತು. ಎತ್ತು ಮಲಗಿ ಮೆಲುಕು ಹಾಕಿತು. ಹೆಂಡತಿ ಮಾತಿಗೆ ಜನವಿಲ್ಲದೆ ಎತ್ತಿನ ಜೊತೆ ಮಾತಾಡತೊಡಗಿದಳು. ಗಾಣಿಗನಿಗೆ ದಿಗಿಲಾಯಿತು.

ಮಳೆಗಾಲಕ್ಕೆ ಮುಂಚಿನ ಕಡೆಯ ದೋಣಿ ಬಂತು. ಅದು ಹೋದರೆ ಮಳೆ ನಿಲ್ಲುವವರೆಗೆ ಬೇರೆ ದೋಣಿಯಿಲ್ಲ. ಗಾಣಿಗ ಮತ್ತೆ ಗಂಟು ಕಟ್ಟಿದ. ತಂದದ್ದರಲ್ಲಿ ಅಕ್ಕಿ ಬಿಟ್ಟರೆ ಏನೂ ಕಡಿಮೆಯಾಗಿರಲಿಲ್ಲ. ಒರಳನ್ನು ಕಡಲಿನ ಕಡೆಗೆ ಉರುಳಿಸಿಕೊಂಡು ಹೋಗುವಾಗ ದಾರಿಯಲ್ಲಿ ಒಬ್ಬ ಮುದುಕಿ ಚಾಪೆಯ ಮೇಲೆ ಕೊಬ್ಬರಿ ಹರವುತ್ತಿದ್ದಳು. ಒಂದೊಂದು ಹೋಳೂ ಎಣ್ಣೆ ಜಿನುಗುವಂಥದ್ದು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲಜ್ಜೀ, ಗಾಣ ಬೇಕು ಅಂತ ಹೇಳಿಕಳಿಸಿದೋರು ನೀವೇ. ನಾನು ಏನು ತಪ್ಪು ಮಾಡ್ದೆ ಅಂತ ಒಬ್ಬರೂ ನನ್ನ ಮನೆ ಬಾಗಿಲು ತುಳೀಲಿಲ್ಲ?" ಎಂದ.

ಆ ದ್ವೀಪದವರನ್ನು ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮುದುಕಿ ಕೈಯ ಹೋಳನ್ನು ಕೆಳಗಿಟ್ಟಳು. "ತಪ್ಪು ಎಂತದ್ದೂ ಇಲ್ಲ ಮಗಾ. ಇಲ್ಲಿಗೆ ಬದುಕಲಿಕ್ಕೆ ಬಂದವರು ಮೊದಲ ಸಂಜೆ ಒಂದು ಮನೆಗೆ ಹೋಗಿ ಬೆಂಕಿ ಕೇಳುದು. ಬೆಂಕಿ ಕೊಟ್ಟವರು ಅವರಿಗೆ ಬಂಧುಗಳು. ಅಲ್ಲಿಂದ ಮೇಲೆ ಊರೆಲ್ಲ ಅವರದ್ದೇ. ನೀನು ಬಂದ ಸಂಜೆ ಎಲ್ಲರ ಮನೆಯಲ್ಲೂ ಕೆಂಡ ಕೆದಕಿಟ್ಟು ಕಾದಿದ್ರು, ಯಾರ ಬಾಗಿಲಿಗೆ ಬರ್ತಿ ಅಂತ. ನಾನೂ ಕಾದೆ. ಅಷ್ಟರಲ್ಲಿ ನಿನ್ನ ಮನೆಯಿಂದಲೇ ಹೊಗೆ ಬಂತು. ಇವನಿಗೆ ನಾವು ಬೇಡ, ಬಂದ ದೋಣಿಯಲ್ಲೇ ಹೋಗುವವ ಅಂತ ತಿಳ್ಕೊಂಡ್ವು. ಬೇಡ ಅಂದವರ ಬಾಗಿಲಿಗೆ ಹೋಗುದು ಹೇಗೆ ಹೇಳು?"

ಗಾಣಿಗ ಒರಳನ್ನು ಅಲ್ಲೇ ಬಿಟ್ಟು ಮನೆಗೆ ಬಂದ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕೆಂಡ ಹದವಾಗಿ ಕೆಂಪಗಿತ್ತು. ಎಲ್ಲ ಮನೆಯಲ್ಲೂ ಕೆಂಡ ಕೆದಕಿ ತನಗಾಗಿ ಕಾದಿದ್ದರು ಎಂಬ ಮಾತು ಅವನ ಎದೆಯಲ್ಲಿ ನಾಟಿತ್ತು. ತಾಯಿಯ ಮಾತೂ ಅಲ್ಲೇ ಇತ್ತು. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಹೋಗುತ್ತದೆ. ಅವನಿಗೆ ಅಳು ಬಂತು, ಅತ್ತ. ಆಮೇಲೆ ಕೊಡ ಎತ್ತಿ, "ಅವ್ವಾ, ತಪ್ಪು ತಿಳೀಬ್ಯಾಡ" ಎಂದು ಒಲೆಗೆ ನೀರು ಸುರಿದ.

ಹೆಂಡತಿ ಬೂದಿಯ ಹಸಿ ವಾಸನೆಯ ನಡುವೆ ನಿಂತು, ಕೆಂಡ ತರಲು ಒಂದು ಹೆಂಚಿನ ಚೂರು ಹುಡುಕಿ ಅವನ ಕೈಗೆ ಕೊಟ್ಟಳು.

ಸಂಜೆಯಾಗುವಾಗ ಅವನು ಮುದುಕಿಯ ಬಾಗಿಲಲ್ಲಿ ನಿಂತ. ಬರಿಯ ಚೂರು ಹಿಡಿದ ಕೈಯನ್ನು ಮುಂದೆ ಚಾಚಿದ. ಬಾಯಿ ಬಿಡಲು ಎರಡು ಸಲ ನೋಡಿ ಮೂರನೆಯ ಸಲಕ್ಕೆ, "ಅಜ್ಜೀ, ಒಂದಿಷ್ಟು ಬೆಂಕಿ ಕೊಡ್ತೀರಾ?" ಎಂದ. ಮುದುಕಿ, ಇಷ್ಟು ತಡ ಮಾಡುದಾ ಎಂದು ಬೈಯುತ್ತಲೇ ಕೆಂಡ ಹಾಕಿದಳು. ಜೊತೆಗೆ ಒಂದು ತಟ್ಟೆ ಮೀನು ಸಾರು ಕೊಟ್ಟಳು, ಮಾರನೆಯ ಬೆಳಿಗ್ಗೆ ತಟ್ಟೆ ವಾಪಸು ತರಬೇಕೆಂದು ತಾಕೀತು ಮಾಡಿದಳು.

ದೋಣಿ ಅವನಿಲ್ಲದೆ ಹೊರಟಿತು. ಮಳೆ ಹಿಡಿಯುವ ಮೊದಲೇ ಅವನ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೊಬ್ಬರಿ ಬಂದು ಬಿತ್ತು. ಎತ್ತಿಗೆ ಬಿಡುವಿಲ್ಲ, ಹೆಂಡತಿಯ ಬಾಯಿಗೂ ಇಲ್ಲ. ಆಕೆ ದಿನಕ್ಕೊಂದು ಮನೆಗೆ ಹೋಗಿ ಇದ್ದದ್ದನ್ನೂ ಇಲ್ಲವೆಂದು ಹೇಳಿ ಕೇಳಿ ತರುತ್ತಿದ್ದಳು. ಗಾಣಿಗ ನೋಡಿಯೂ ನೋಡದವನಂತೆ ಗಾಣ ಹೊಡೆಯುತ್ತಿದ್ದ. ಹಾಗೆಯೇ ಅವರು ಅಲ್ಲಿ ಸುಖವಾಗಿ ಮುದುಕರಾದರು.

ಗುರುಗಳು ಕತೆ ನಿಲ್ಲಿಸಿ, ಕೂತಿದ್ದ ಮೂಟೆಯಿಂದ ಎದ್ದರು.

ಮರುಳಯ್ಯ ತನ್ನ ಗಂಟುಗಳನ್ನೆಲ್ಲ ಒಮ್ಮೆ ನೋಡಿದ. "ಹಾಗಾದರೆ ಬರಿಗೈಯಲ್ಲಿ ಹೋಗಲೇ, ಗುರುಗಳೇ?" ಎಂದ.

"ಆ ದ್ವೀಪದವರಿಗೆ ಕೊಡಬೇಕಾದ್ದನ್ನು ಬಿಡದೆ ಕಟ್ಟಿಕೋ ಮರುಳಯ್ಯ, ಆದರೆ ಅವರನ್ನು ಕೇಳಿ ಪಡೆಯುವುದಕ್ಕೆಂದು ಇಲ್ಲಿ ಏನನ್ನು ಬಿಟ್ಟು ಹೋಗುತ್ತಿದ್ದೀಯ?"