ಆವಿಗೆಯ ಹೊರಸಾಲು

"ಅಮ್ಮಾ, ದೇವರನ್ನು ಪ್ರೀತಿಸುತ್ತೇನೆ ಎಂದು ದಿನದಿನದ ಬದುಕಿನಲ್ಲಿ ತೋರಿಸುವುದು ಹೇಗೆ?" ಎಂದು ಪ್ರಿಸ್ಕಿಲ್ಲ ಕೇಳಿದಳು.

ಅವಳು ಆಶ್ರಮಕ್ಕೆ ಬಂದು ವರ್ಷ ತುಂಬಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪ್ರಾರ್ಥನೆಗೆ ಕೂರುವವಳು ಅವಳೇ. ಶುಕ್ರವಾರ ಉಪವಾಸ. ಕೀರ್ತನೆಗಳೆಲ್ಲ ಬಾಯಿಪಾಠ. ಹುಡುಗಿಯರು ಮಲಗುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರ ಕೆಳಗೆ ಅವಳ ಚಾಪೆ. ಹೊಸದಾಗಿ ಬಂದ ಒಬ್ಬ ಹುಡುಗಿಗೆ ಉಬ್ಬಸವಿತ್ತು, ನಾಲಿಗೆಯೂ ಸ್ವಲ್ಪ ಚುರುಕು. ಅವಳು ಆ ಗಾಳಿಯ ಜಾಗ ಕೇಳಿದ್ದಳು. ಪ್ರಿಸ್ಕಿಲ್ಲ ಬಿಟ್ಟುಕೊಟ್ಟಿರಲಿಲ್ಲ.

ಗುರುಮಾತೆ ಕೃಪಾವತಿಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೂ ಅವಳು ಕಸುಬು ಬಿಡಲಿಲ್ಲ. ಆ ಕೇರಿಯಲ್ಲಿ ಹೆಂಗಸರು ಮಡಕೆ ತಿರುಗಿಸುವ ತಿಗರಿ ಮುಟ್ಟುವ ಹಾಗಿರಲಿಲ್ಲ. ಅವಳು ಬರಿಗೈಯಲ್ಲೇ ತಟ್ಟಿ ತಟ್ಟಿ ಮಡಕೆ ಎಬ್ಬಿಸುತ್ತಿದ್ದಳು.

ಮಡಕೆ ಸುಡಲು ಕೇರಿಗೆಲ್ಲ ಇದ್ದದ್ದು ಒಂದೇ ಆವಿಗೆ. ಸೌದೆ ಸಿಗುವುದು ಕಷ್ಟ. ಆದ್ದರಿಂದ ಎಲ್ಲ ಮನೆಯ ಹಸಿ ಮಡಕೆಗಳನ್ನೂ ಒಟ್ಟಿಗೆ ಪೇರಿಸಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮೆತ್ತಿ, ತಿಂಗಳಿಗೊಮ್ಮೆ ಬೆಂಕಿ ಕೊಡುತ್ತಿದ್ದರು. ಬೆಂಕಿ ಎಲ್ಲರನ್ನೂ ಒಂದೇ ಸಮ ನೋಡುವುದಿಲ್ಲ. ನಡುವೆ ಕೂತ ಮಡಕೆ ಹದವಾಗಿ ಬೆಂದು ಕೆಂಪಗೆ ಹೊರಬರುತ್ತದೆ. ಬೆರಳಲ್ಲಿ ಬಡಿದರೆ ಕಂಚಿನ ಹಾಗೆ ಉಲಿಯುತ್ತದೆ. ಹೊರಸಾಲಿನ ಮಡಕೆಗೆ ಗಾಳಿ ಬಡಿಯುತ್ತದೆ, ಹೊಗೆ ಹಿಡಿಯುತ್ತದೆ. ಅರ್ಧಕ್ಕರ್ಧ ಕಪ್ಪಾಗುತ್ತದೆ. ಕೆಲವು ಸಿಡಿದೇ ಹೋಗುತ್ತವೆ. ಹಾಗೆಂದು ಹೊರಸಾಲು ಇಲ್ಲದೆ ಆವಿಗೆ ಇಲ್ಲ. ಅದು ಗಾಳಿ ತಡೆದರೇ ಒಳಗಿನವು ಬೇಯುವುದು. ಅದಕ್ಕೇ ಹಿಂದಿನವರು ನಡುಜಾಗಕ್ಕೆ ಮನೆಮನೆಯ ಸರದಿ ಮಾಡಿದ್ದರು.

ಆವಿಗೆ ಪೇರಿಸುವವನು ಅವಳ ಪಕ್ಕದ ಮನೆಯ ಕುಂಬಾರ. ಪೇರಿಸುವವನು ಅವನೇ ಆದ್ದರಿಂದ ಸರದಿಯೂ ಅವನ ಕೈಯಲ್ಲೇ ಇತ್ತು. ಕುಂಬಾರಗಿತ್ತಿಯ ಸರದಿ ಬಂದಾಗಲೆಲ್ಲ ಏನಾದರೊಂದು ನೆವ ಹುಟ್ಟುತ್ತಿತ್ತು. "ಅಕ್ಕ, ಈ ಸಲ ನಿನ್ನವು ಸರಿಯಾಗಿ ಒಣಗಿಲ್ಲ." "ಅಕ್ಕ, ನಿನ್ನವು ಬರೀ ಮುಚ್ಚಳ. ಮುಚ್ಚಳಕ್ಕೆಲ್ಲ ನಡುಮನೆ ಯಾಕೆ?" ಹೀಗೆ ವರ್ಷಗಟ್ಟಲೆ ಅವಳ ಮಡಕೆಗಳು ಹೊರಸಾಲಿನಲ್ಲೇ ಬೆಂದವು. ಸಂತೆಯಲ್ಲಿ ಜನ ಎತ್ತಿ ನೋಡಿ, ಬಡಿದು ನೋಡಿ, ಕೆಳಗಿಟ್ಟು ಮುಂದೆ ಹೋಗುತ್ತಿದ್ದರು.

ಭಾನುವಾರ ಅವಳು ಹಾಡಿಕೊಂಡು ಗುಡ್ಡದ ಮೇಲಿನ ದೇವಾಲಯಕ್ಕೆ ಹೊರಟರೆ ಅವನು ಜಗಲಿಯಿಂದಲೇ ಕೇಳುತ್ತಿದ್ದ. "ಅಷ್ಟು ಗಟ್ಟಿಯಾಗಿ ಹಾಡ್ತೀಯಲ್ಲಕ್ಕ, ನಿಮ್ಮ ಯೇಸುಸ್ವಾಮಿಗೆ ಕಿವಿ ಸ್ವಲ್ಪ ಮಂದವಾ?"

"ಸ್ವಾಮಿಗೆ ಚೆನ್ನಾಗೇ ಕೇಳುತ್ತಪ್ಪ. ನಿನಗೂ ಕೇಳಲಿ ಅಂತ."

ಮಾತಿನಲ್ಲಿ ಅವಳು ಯಾರಿಗೂ ಸೋತವಳಲ್ಲ. ಸೋಲುತ್ತಿದ್ದುದು ಆವಿಗೆಯಲ್ಲಿ.

ಆ ಗುಡ್ಡದ ಮೇಲೆ ನೀರಿರಲಿಲ್ಲ. ಹತ್ತಿ ಬಂದವರು ಬಾಯಿ ಒಣಗಿಸಿಕೊಂಡು ಕೂರುತ್ತಿದ್ದರು. ಬಾಗಿಲಲ್ಲಿ ನೀರು ತುಂಬಿಡಲು ಒಂದು ದೊಡ್ಡ ಹರವಿ ಮಾಡಿಕೊಡುತ್ತೇನೆ, ಈಸ್ಟರ್ ಬೆಳಿಗ್ಗೆ ತಂದು ಇಡುತ್ತೇನೆ ಎಂದು ಅವಳು ಯೇಸುಸ್ವಾಮಿಗೆ ಮಾತು ಕೊಟ್ಟಳು. ಜಾಗವನ್ನೂ ತಾನೇ ಆರಿಸಿದಳು: ಬಾಗಿಲ ಬಲಕ್ಕೆ, ಒಳಗೆ ಹೋಗುವ ಪ್ರತಿಯೊಬ್ಬರ ಕಣ್ಣಿಗೂ ಬೀಳುವಲ್ಲಿ. ಭಕ್ತಿಯ ಜೊತೆಗೆ ಅಷ್ಟು ಬಿಂಕವೂ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಸೊಂಟದೆತ್ತರದ ಹರವಿ. ಕಟ್ಟಲು ಒಂದು ಚಳಿಗಾಲ ಹಿಡಿಯಿತು. ಕುಸಿಯಿತು, ಮತ್ತೆ ಎಬ್ಬಿಸಿದಳು. ಅದರ ಹೆಗಲ ಮೇಲೆ ಜಾಲಿಮುಳ್ಳಿನಿಂದ ಒಂದು ಶಿಲುಬೆ ಕೊರೆದಳು. ನೆರಳಲ್ಲಿ ಒಣಗಿಸಿದಳು. ಆಮೇಲೆ ಕೇರಿಯ ಹಿರಿಯರ ಮುಂದೆ ಹೋಗಿ ನಿಂತಳು.

"ಈ ಸಲ ನಡುಜಾಗ ನನ್ನದು. ಅಲ್ಲ ಅನ್ನೋರು ಇದ್ದರೆ ಈಗಲೇ ಬಾಯಿ ಬಿಡಿ, ಆಮೇಲೆ ಆವಿಗೆ ಮುಂದೆ ನಿಂತು ಬೇಡ."

ಹಿರಿಯರು ಆಗಲಿ ಎಂದು ತಲೆಯಾಡಿಸಿದರು. ಪಕ್ಕದ ಮನೆಯವನು ಕಾಲಬೆರಳಿನಿಂದ ನೆಲ ಕೆರೆದ.

ಈಸ್ಟರ್‌ಗೆ ಮುಂಚಿನ ಆವಿಗೆ ಪೇರಿಸುವ ದಿನ ಬಂತು. ಪೇರಿಸುವವನೇ ಬರಲಿಲ್ಲ. ಮಣ್ಣಿನ ಗುಂಡಿಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಉಳಿದವರೇ ಪೇರಿಸಿದರು. ಗಂಡಾಳುಗಳು ಸೇರಿ ಹರವಿಯನ್ನು ಎತ್ತಿ ನಟ್ಟನಡುವೆ ಕೂರಿಸಿದರು. ಸುತ್ತ ಸಾಲುಗಳು ಎದ್ದವು. ಇನ್ನೇನು ಹುಲ್ಲು ಹೊದಿಸಬೇಕು, ಅಷ್ಟರಲ್ಲಿ ಪಕ್ಕದ ಮನೆಯವನ ಹೆಂಡತಿ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು.

ಬುಟ್ಟಿಯಲ್ಲಿದ್ದವು ಐರಾಣಿ ಮಡಕೆಗಳು, ಒಬ್ಬ ವ್ಯಾಪಾರಿಯ ಮಗಳ ಮದುವೆಗೆ ಹೇಳಿದ್ದವು. ಐರಾಣಿ ಮನೆಗೆ ಬರದೆ ಆ ಊರಲ್ಲಿ ತಾಳಿ ಕಟ್ಟುತ್ತಿರಲಿಲ್ಲ. ಅವುಗಳ ಮೇಲೆ ಒಂದು ಕಪ್ಪು ಮಚ್ಚೆ ಇದ್ದರೂ ಅಪಶಕುನ. ಮುಂದಿನ ಆವಿಗೆಯ ಹೊತ್ತಿಗೆ ಮದುವೆ ಮುಗಿದಿರುತ್ತದೆ. ಹೊತ್ತಿಗೆ ಕೊಡದ ಕುಂಬಾರನ ಮನೆಬಾಗಿಲಿಗೆ ಮತ್ತೆ ಯಾವ ಮದುವೆಯವರೂ ಬರುವುದಿಲ್ಲ.

ಪೇರಿಸುತ್ತಿದ್ದವರು ಕೈ ಕಟ್ಟಿ ನಿಂತರು. "ನಡುಜಾಗ ಭರ್ತಿ ಆಯ್ತಲ್ಲ ತಾಯಿ," ಎಂದ ಒಬ್ಬ.

"ಹೊರಸಾಲಲ್ಲಿ ಬೇಕಾದಷ್ಟಿದೆ," ಎಂದ ಇನ್ನೊಬ್ಬ. "ನಿನ್ನ ಗಂಡನಿಗೆ ಹೊರಸಾಲು ಅಂದ್ರೆ ಬಲು ಪ್ರೀತಿ. ಬೇರೆಯವರ ಮಡಕೆಗೆ."

ಎಲ್ಲರೂ ನಕ್ಕರು. ಕುಂಬಾರಗಿತ್ತಿಯೂ ನಕ್ಕಳು. ಇಷ್ಟು ವರ್ಷ ಕಾದ ಊಟ ಎಲೆಗೆ ಬಿದ್ದ ಹಾಗಿತ್ತು ಅವಳಿಗೆ.

ಆ ಹೆಂಗಸು ಅಳಲಿಲ್ಲ, ಬೇಡಲೂ ಇಲ್ಲ. ಬುಟ್ಟಿ ಇಳಿಸಿದಳು. ಹೊರಸಾಲಿನ ಪಕ್ಕಕ್ಕೆ ಹೋಗಿ, ಸೆರಗಿನ ತುದಿ ಎತ್ತಿ ಹಿಡಿದು, ಗಾಳಿ ಎಷ್ಟಿದೆ ಎಂದು ನೋಡಿದಳು.

ಕುಂಬಾರಗಿತ್ತಿಯ ನಗು ಅಲ್ಲಿಗೇ ನಿಂತಿತು. ತಿಂಗಳು ತಿಂಗಳೂ ಅದೇ ಜಾಗದಲ್ಲಿ, ಹಾಗೇ ಸೆರಗು ಹಿಡಿದು ನಿಂತವಳು ತಾನೇ. ಸೆರಗು ಹಾರಿದರೆ ಮಡಕೆಯ ಗತಿ ಏನು ಎಂದು ಆ ಕೇರಿಯಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಒಳಗೊಳಗೇ ಸ್ವಾಮಿಯ ಜೊತೆ ಜಗಳಕ್ಕೆ ನಿಂತಳು. ಈ ಹರವಿ ನನ್ನದಲ್ಲ, ನಿನ್ನದು. ನಿನ್ನ ವಸ್ತು ತೆಗೆದು ಅವನ ವಸ್ತು ಇಡು ಅನ್ನುತ್ತೀಯಾ? ಹಾಗಾದರೆ ಈಸ್ಟರ್ ದಿನ ನಿನ್ನ ಬಾಗಿಲಲ್ಲಿ ಏನು ಇಡಲಿ, ನನ್ನ ತಲೆಯಾ? ಅಷ್ಟರಲ್ಲಿ ಆ ಹೆಂಗಸು ಸೆರಗು ಬಿಟ್ಟು, ಒಂದು ಮಡಕೆಯನ್ನು ಹೊರಸಾಲಿನಲ್ಲಿಡಲು ಎತ್ತಿಕೊಂಡಳು.

"ಅದನ್ನ ಇಲ್ಲಿ ತಾ," ಎಂದಳು ಕುಂಬಾರಗಿತ್ತಿ.

"ಯಾಕಕ್ಕ?"

"ತಾ ಅಂದ್ರೆ ತಾ. ಏಯ್, ನಗ್ತಾ ನಿಂತೋರೆಲ್ಲ ಬನ್ನಿ ಇತ್ತ. ಹರವಿ ಹೊರಗೆ ತೆಗೀಬೇಕು."

ತಲೆ ಕೆಟ್ಟಿದೆಯಾ ಎಂದು ಕೇಳಿದರು. ಕೆಟ್ಟಿದೆ, ಎತ್ತಿ ಎಂದಳು. ಹರವಿ ಹೊರಗೆ ಬಂತು. ಐರಾಣಿಗಳನ್ನು ಅವಳೇ ಒಂದೊಂದಾಗಿ ಅದರ ಜಾಗದಲ್ಲಿ ಕೂರಿಸಿದಳು. ಗಾಳಿ ಬರುವ ಕಡೆಯ ಹೊರಸಾಲಿನಲ್ಲಿ ಒಂದು ದೊಡ್ಡ ಸಂದು ಉಳಿದಿತ್ತು. ಅದನ್ನು ಮುಚ್ಚದಿದ್ದರೆ ಒಳಗಿನ ಮದುವೆ ಮಡಕೆಗಳಿಗೂ ಗಾಳಿ ಹೊಗುತ್ತದೆ. ಆ ಸಂದಿಗೆ ಹೊಂದುವಷ್ಟು ದೊಡ್ಡದು ಒಂದೇ ಇತ್ತು. ಅವಳು ಹರವಿಯನ್ನು ಅಲ್ಲಿ ನಿಲ್ಲಿಸಿದಳು.

ಆವಿಗೆ ಬಿಚ್ಚಿದ ದಿನ ಐರಾಣಿಗಳು ಕೆಂಡದ ಬಣ್ಣಕ್ಕೆ ಬಂದಿದ್ದವು. ಒಂದು ಮಚ್ಚೆಯಿಲ್ಲ. ಹರವಿ ಅರ್ಧ ಕಪ್ಪಾಗಿತ್ತು. ಹೆಗಲಿನಿಂದ ಬುಡದವರೆಗೆ, ಶಿಲುಬೆಯ ನಡುವೆಯೇ ಹಾದು, ಬಿರುಕು ಬಿಟ್ಟಿತ್ತು. ಅವಳು ಬೆರಳು ಹಾಕಿ ನೋಡಿದಳು. ಬೆರಳು ಒಳಗೆ ಹೋಯಿತು.

ಈಸ್ಟರ್ ಬೆಳಿಗ್ಗೆ ಅವಳು ಬರಿಗೈಯಲ್ಲಿ ಗುಡ್ಡ ಹತ್ತಿದಳು. ಅಂದು ಅವಳು ಮೆಲ್ಲಗೆ ಹಾಡಿದಳು. ಜಗಲಿಯಲ್ಲಿ ಮುರಿದ ಕಾಲು ಚಾಚಿ ಕೂತಿದ್ದವನು ಅವಳ ಬರಿಗೈಯನ್ನೇ ನೋಡಿದ.

ಮುಂದಿನ ಆವಿಗೆಗೆ ಪಕ್ಕದ ಮನೆಯವನು ಊರುಗೋಲು ಊರಿಕೊಂಡು ಎಲ್ಲರಿಗಿಂತ ಮೊದಲು ಬಂದ. ಯಾರ ಮುಖವನ್ನೂ ನೋಡಲಿಲ್ಲ. ತನ್ನ ಮಡಕೆಗಳನ್ನು ತಂದು ಹೊರಸಾಲಿನಲ್ಲಿ, ಗಾಳಿಗೆ ಎದುರಾಗಿ, ಜೋಡಿಸತೊಡಗಿದ. ಅವತ್ತು ನಕ್ಕಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬ ತನ್ನ ಮಡಕೆ ಎತ್ತಿಕೊಂಡು ಬಂದ. "ಸ್ವಲ್ಪ ಸರಿ, ನನ್ನವೂ ಇಲ್ಲೇ ಇರಲಿ." ಇನ್ನೊಬ್ಬ ಬಂದ. "ಗಾಳಿ ಕಡೆ ನನಗೆ ಬಿಡ್ರಪ್ಪ." "ನಿನಗ್ಯಾಕೆ? ನಾನು ಮೊದಲು ಬಂದೋನು!" ನೋಡನೋಡುತ್ತ ಕೈಕೈ ಮಿಲಾಯಿಸುವ ಹಂತಕ್ಕೆ ಬಂತು. ನಡುಜಾಗಕ್ಕೆ ಜಗಳವಾಡುತ್ತಿದ್ದ ಕೇರಿ ಹೊರಸಾಲಿಗೆ ಜಗಳವಾಡುತ್ತಿತ್ತು. ಹಿರಿಯರು ಓಡಿ ಬಂದು ಹೊರಸಾಲಿಗೂ ಸರದಿ ಮಾಡಬೇಕಾಯಿತು.

ಕುಂಬಾರಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗ್ತಾ ನಿಂತರೆ ಹೇಗಕ್ಕ?" ಎಂದ ಪಕ್ಕದ ಮನೆಯವನು. "ನಡುಮನೆ ಖಾಲಿ ಬಿದ್ದಿದೆ. ಹರವಿ ತಾ."

"ಒಡೆದದ್ದು ಕಾಣಲಿಲ್ವಾ? ಹೊಸದು ಎಬ್ಬಿಸೋಕೆ ಒಂದು ಚಳಿಗಾಲ ಬೇಕು ನನಗೆ."

"ನೀನೊಬ್ಬಳೇ ಕೂತರೆ ಚಳಿಗಾಲ. ಕೇರಿನೇ ಕೂತರೆ?"

ಕೇರಿಯೇ ಕೂತಿತು. ಗಂಡಸರು ಮಣ್ಣು ತುಳಿದರು. ಕಾಲು ಸರಿಯಿಲ್ಲದವನು ಕೈಯಲ್ಲಿ ನಾದಿದ. ಅವಳು ಹೇಳಿದ ಹಾಗೆ ತಟ್ಟಿದರು. ತಪ್ಪು ತಟ್ಟಿದವರು ಬೈಸಿಕೊಂಡರು. ಹರವಿ ಮೊದಲಿನದಕ್ಕಿಂತ ಒಂದು ಗೇಣು ಎತ್ತರ ಎದ್ದಿತು. ಪಕ್ಕದ ಮನೆಯವನೇ ಜಾಲಿಮುಳ್ಳು ಮುರಿದು ತಂದು ಅವಳ ಕೈಗೆ ಕೊಟ್ಟ. ಅದು ಒಣಗುವವರೆಗೂ ಬೆಂಕಿ ತಡೆದು, ಆಮೇಲೆ ಆವಿಗೆ ಪೇರಿಸಿದಾಗ ಕೇರಿಯ ಅಷ್ಟೂ ಮಡಕೆಗಳು ಅದರ ಸುತ್ತ ನಿಂತವು. ಒಡೆದ ಹರವಿಯ ಹೋಳುಗಳನ್ನೇ ಹೊಸದಕ್ಕೆ ಹೊದಿಸಿದರು.

ಈಸ್ಟರ್ ಎಂದೋ ಕಳೆದಿತ್ತು. ಆದರೆ ಸಾವಿನಿಂದ ಎದ್ದ ಸ್ವಾಮಿ ಎದ್ದೇ ಇದ್ದ. ತಡವಾಯಿತು ಎಂದು ಯಾರಿಗೂ ಅನಿಸಲಿಲ್ಲ. ಕೆಂಪಗೆ ಬೆಂದ ಹರವಿಯನ್ನು ಅಡ್ಡೆಗೆ ಕಟ್ಟಿ, ತಮಟೆ ಬಡಿಸಿಕೊಂಡು ಗುಡ್ಡ ಹತ್ತಿಸಿದರು. ಹಿಂದೆ ಕೇರಿಯ ಹೆಂಗಸರು ತಲೆಯ ಮೇಲೆ ನೀರಿನ ಕೊಡ ಹೊತ್ತು ಬಂದರು. ಎಲ್ಲರ ಮುಂದೆ ಪಕ್ಕದ ಮನೆಯವನು ಊರುಗೋಲು ಬೀಸುತ್ತ, ಜಗಲಿಯ ಮೇಲೆ ಕೂತು ವರ್ಷಗಟ್ಟಲೆ ಕೇಳಿದ್ದ ಅವಳ ಹಾಡನ್ನೇ ಹಾಡುತ್ತಿದ್ದ. ರಾಗ ಒಂದು ದಿಕ್ಕು, ಅವನು ಒಂದು ದಿಕ್ಕು.

"ಸ್ವಲ್ಪ ಮೆಲ್ಲಗೆ ಹಾಡಪ್ಪ," ಎಂದಳು ಕುಂಬಾರಗಿತ್ತಿ. "ಸ್ವಾಮಿಗೆ ಕಿವಿ ಚೆನ್ನಾಗಿದೆ."

ಅವನು ಇನ್ನೂ ಗಟ್ಟಿಯಾಗಿ ಹಾಡಿದ.

ಹರವಿಯನ್ನು ಬಾಗಿಲ ಬಲಕ್ಕೆ ಇಳಿಸಿದರು. ಕೊಡದ ಮೇಲೆ ಕೊಡ ಸುರಿದರು. ಕಂಠದವರೆಗೆ ತುಂಬಿತು, ತುಂಬಿ ಚೆಲ್ಲಿತು. ಒಂದು ಹನಿ ಸೋರಲಿಲ್ಲ. ಮೊದಲ ಬೊಗಸೆ ನೀರನ್ನು ಅವಳು ಆ ಹೆಂಗಸಿಗೆ, ಸೆರಗು ಹಿಡಿದು ಗಾಳಿ ನೋಡಿದವಳಿಗೆ, ಕುಡಿಸಿದಳು.

ಕೃಪಾವತಿಯಮ್ಮ ಕತೆ ಮುಗಿಸಿದರು. ಪ್ರಿಸ್ಕಿಲ್ಲಳ ಕಣ್ಣು ಹೊಳೆಯುತ್ತಿತ್ತು.

"ಎಂಥ ಹೆಂಗಸಮ್ಮಾ ಅವಳು! ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ."

ಗುರುಮಾತೆ ಕೊನೆಯ ಹುಣಸೆಬೀಜವನ್ನು ಬಟ್ಟಲಿಗೆ ಹಾಕಿ, ಕೈ ಒರೆಸಿಕೊಂಡರು.

"ಹೌದಾ ಮಗಳೇ? ಇವತ್ತು ನಿನ್ನ ಚಾಪೆ ಎಲ್ಲಿ ಹಾಸುತ್ತೀಯ?"