ಬೊಗಸೆ ಒಡ್ಡಿದ ದೊರೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಮಂಗಳವಾರ. ಆ ಸಂಜೆ ಉಪ್ಪಿನ ಗಾಡಿಯವರು ಅನ್ನ ಹಾಕಿ, ಮೇಲೆ ಈ ಕಥೆಯನ್ನೂ ಬಡಿಸಿದರು. ಅನ್ನ ಅವತ್ತೇ ಕರಗಿತು, ಕಥೆ ಇನ್ನೂ ಇದೆ. ಹತ್ತಿರ ಬಂದು ಕೂತುಕೊಳ್ಳಿ.

ಕಂಚಿನಾಡು ಅಂತ ಒಂದು ರಾಜ್ಯ. ಅದಕ್ಕೆ ಸಂಪಿಗರಸ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಜಗಳ ಅಂದರೆ ಊಟ ಬಿಟ್ಟು ಓಡುತ್ತಿದ್ದ. ಹೊಳೆಯಾಚೆಯ ದೊರೆ ಕರಿಭೈರನಿಗೆ ಜಗಳವೇ ಊಟ.

ಕರಿಭೈರನ ದೂತ ಬಂದ. ಕಾವಲುಗುಡ್ಡ ಕೊಡು, ಇನ್ನು ಕೇಳುವುದಿಲ್ಲ ಅಂದ. ರಾಜ ಕೊಟ್ಟು ನೆಮ್ಮದಿಯಾಗಿ ಮಲಗಿದ.

ಸುಗ್ಗಿಗೆ ದೂತ ಮತ್ತೆ ಬಂದ. ದೋಣಿ ಕಟ್ಟುವ ಊರು ಕೊಡು, ಇನ್ನು ಕೇಳುವುದಿಲ್ಲ ಅಂದ. ರಾಜ ಅದನ್ನೂ ಕೊಟ್ಟ. ಅದು ಅವನ ಅಕ್ಕ ಹೊನ್ನಾಜಿಯನ್ನು ಕೊಟ್ಟ ಊರು. ಪಾಪ, ಅವಳು ಗಂಟು ಹೊತ್ತು, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು.

ಮೂರನೇ ಸಲ ದೂತ ಕೋಟೆಯನ್ನೇ ಕೇಳಿದ. ಇನ್ನು ಕೇಳುವುದಿಲ್ಲ ಅಂದ.

"ಕೇಳೋಕೆ ಇನ್ನೇನು ಉಳೀತು ತಮ್ಮಾ, ನಿನ್ನ ಹಾಸಿಗೇನಾ?" ಅಂದಳು ಹೊನ್ನಾಜಿ.

ಕೊಡದಿದ್ದರೆ ಯುದ್ಧ, ಗುಡ್ಡ ಹೋದಮೇಲೆ ಗೆಲ್ಲುವ ದಾರಿಯೂ ಇಲ್ಲ ಅಂತ ರಾಜ ಗೊಣಗಿದ.

"ಹಾಗಾದ್ರೆ ಕೊಡು. ಆದ್ರೆ ಧಾರೆ ಎರೆದು ಕೊಡು."

ಆ ಸೀಮೆಯಲ್ಲಿ ನೆಲ ಕೊಡುವುದು ನೀರು ಎರೆದೇ. ಪಡೆಯುವವನು ತಾನೇ ಬರಬೇಕು, ಕತ್ತಿ ಕೆಳಗಿಟ್ಟು ಬೊಗಸೆ ಒಡ್ಡಬೇಕು. ಹಿಂದಿನ ಎರಡು ಸಲ ಹೆದರಿಕೆಯಲ್ಲಿ ರಾಜ ಅದನ್ನು ಮರೆತಿದ್ದ. ಮೂರಕ್ಕೂ ಸೇರಿಸಿ ಧಾರೆ ಎರೆಯುತ್ತೇವೆ, ಬನ್ನಿ ಅಂತ ಹೊನ್ನಾಜಿ ಹೇಳಿ ಕಳಿಸಿದಳು.

ಕರಿಭೈರ ಸೈನ್ಯ ಕಟ್ಟಿಕೊಂಡು ಬಂದ. ಕೋಟೆಯಲ್ಲಿ ತೆರೆದಿದ್ದದ್ದು ದಿಡ್ಡಿಬಾಗಿಲು ಮಾತ್ರ, ಒಬ್ಬರು ಬಗ್ಗಿ ನುಗ್ಗುವಷ್ಟು. ಕೇಳಿದಾಗಲೆಲ್ಲ ಕೊಟ್ಟವರ ಮೇಲೆ ಅವನಿಗೆಲ್ಲಿಯ ಅನುಮಾನ? ತಾನೇ ಮೊದಲು ನುಗ್ಗಿದ. ಕತ್ತಿ ಇಟ್ಟ. ಬೊಗಸೆ ಒಡ್ಡಿದ. ಹಿಂದೆ ಅಗುಳಿ ಬಿತ್ತು, ಸೈನ್ಯ ಹೊರಗೇ ಉಳಿಯಿತು. ಸುತ್ತ ಭರ್ಜಿ ಎದ್ದವು.

ಹೊನ್ನಾಜಿ ನೀರಿನ ಗಿಂಡಿಯನ್ನು ಅವನ ಕೈಗೇ ಕೊಟ್ಟಳು. "ನೀವು ಎರೀರಿ ದೊರೆಗಳೇ. ಬೊಗಸೆ ನನ್ನ ತಮ್ಮ ಒಡ್ಡುತ್ತಾನೆ."

ಗುಡ್ಡಕ್ಕೊಂದು ಧಾರೆ, ಊರಿಗೊಂದು ಧಾರೆ, ಇನ್ನು ಹೊಳೆ ದಾಟುವುದಿಲ್ಲ ಎಂಬ ಮಾತಿಗೊಂದು ಧಾರೆ. ಅವನ ಸೈನ್ಯ ಹೊಳೆಯಾಚೆ ಸರಿದು, ಗುಡ್ಡಕ್ಕೆ ಕಂಚಿನಾಡಿನ ಕಾವಲು ಏರಿದ ಮೇಲೆಯೇ ಅವನನ್ನು ಬಿಟ್ಟದ್ದು. ಹೊನ್ನಾಜಿ ತನ್ನ ಮನೆಗೆ ಹೋಗಿ ಒಲೆ ಹೊತ್ತಿಸಿದಳು.

ನೀತಿ ಇಷ್ಟೇ: ಹೆದರಿ ಕೊಟ್ಟರೆ ಕೇಳುವವನ ಹಸಿವು ಬೆಳೆಯುತ್ತದೆ. ಇಲ್ಲ ಅನ್ನುವುದನ್ನು ಮೊದಲ ಸಲವೇ ಅನ್ನಿ, ಗುಡ್ಡ ನಿಮ್ಮ ಕೈಯಲ್ಲಿರುವಾಗಲೇ.

ನಿಮ್ಮ ಮಜ್ಜಿಗೆ ಚೆನ್ನಾಗಿತ್ತು. ಎಲ್ಲಿ, ನನ್ನ ಕಂಬಳಿ ಇತ್ತ ಕೊಡಿ, ಮಡಚಿಕೊಳ್ಳುತ್ತೇನೆ. ಬಿಸಿಲು ಇಳಿಯಿತು, ದಾರಿ ಕಾಣುವಾಗಲೇ ಹೊರಡುತ್ತೇನೆ.